ಮುಚ್ಚಳದ ಮೇಲಿನ ಚೆಂಡುಹೂ

"ಹದಿನೆಂಟಕ್ಕೆ ಇಳೀತು ಮೇಡಂ," ಎಂದರು ಹೆಡ್ ಕಾನ್‌ಸ್ಟೆಬಲ್ ಬಂಗಾರಪ್ಪ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದವರ ಧ್ವನಿ ಅದು.

ಸಂಧ್ಯಾರಾಣಿ ಕಿಟಕಿಯ ಬಳಿಯಿಂದ ಮೇಜಿನ ಬಳಿಗೆ ಬಂದಳು. ಕುರ್ಚಿ ಎಳೆದುಕೊಂಡಳು, ಕೂರಲಿಲ್ಲ. ನ್ಯಾಮತಿ ಠಾಣೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಬಂದ ಮೇಲೆ ಆ ಸಣ್ಣ ಕೋಣೆಯನ್ನು ಅವಳು ಇಷ್ಟು ಸಲ ಅಳೆದದ್ದೇ ಇಲ್ಲ.

ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮಾರುತೇಶನದು. ನಿನ್ನೆ ಸಂಜೆ ತನ್ನ ಫೋಟೋ ಸ್ಟುಡಿಯೋದಲ್ಲಿ ಆಯುಧ ಪೂಜೆ ಮುಗಿಸಿ, ಈಗ ಬಂದೆ ಎಂದು ಸ್ಕೂಟರ್ ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಸ್ಕೂಟರ್ ಹೊನ್ನಾಳಿ ರಸ್ತೆಯ ಬೇಲಿಯಲ್ಲಿ ಸಿಕ್ಕಿತ್ತು. ಫೋನು ಸತ್ತಿತ್ತು. ಅವನು ಎಲ್ಲಿದ್ದಾನೆಂದು ಹೇಳಬಲ್ಲದ್ದು ಏನಾದರೂ ಉಳಿದಿದ್ದರೆ ಅದು ಈ ಪೆಟ್ಟಿಗೆಯೊಳಗೆ. ಅದರ ಬ್ಯಾಟರಿಯ ಉಸಿರೋ, ಇಳಿಯುತ್ತಲೇ ಇತ್ತು.

ಚಾರ್ಜರ್ ಸ್ಟುಡಿಯೋದಲ್ಲಿ ಇರಲಿಲ್ಲ. ಠಾಣೆಯಲ್ಲಿದ್ದ ಚಾರ್ಜರುಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ವಿಜಯದಶಮಿಯೆಂದು ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಒಡೆದ ಬೂದುಗುಂಬಳಕಾಯಿಯ ಹೋಳುಗಳು ಮಾತ್ರ ರಸ್ತೆಯಲ್ಲಿ ಬಿದ್ದಿದ್ದವು.

"ಬೆಳಕು ಇನ್ನಾ ಸ್ವಲ್ಪ ಕಮ್ಮಿ ಮಾಡ್ಲೇನ್ರಿ?"

"ಇನ್ನೂ ಕಮ್ಮಿ ಮಾಡಿದ್ರೆ ಟಾರ್ಚ್ ಹಿಡ್ಕೊಂಡು ನೋಡ್ಬೇಕಾಗ್ತದೆ ಬಂಗಾರಪ್ಪ."

ಮಾಡಬಹುದಾದದ್ದನ್ನೆಲ್ಲ ಅವಳು ಮಾಡಿದ್ದಳು. ವೈಫೈ ಆರಿಸಿದ್ದಳು. ಬ್ಯಾಟರಿ ಉಳಿಸುವ ಗುಂಡಿ ಒತ್ತಿದ್ದಳು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗುವ ಸೆಟ್ಟಿಂಗನ್ನು ಮಾತ್ರ ತೆಗೆದುಹಾಕಿದ್ದಳು. ಒಮ್ಮೆ ಮಲಗಿದರೆ ಮತ್ತೆ ಎಬ್ಬಿಸುವುದು ಕರಿಬಸಮ್ಮನ ಬೆರಳಿನಿಂದ. ಅದು ಸುಲಭವಾಗಿರಲಿಲ್ಲ.

ಕರಿಬಸಮ್ಮ ಮಾರುತೇಶನ ತಾಯಿ. ಲ್ಯಾಪ್‌ಟಾಪಿನ ಪಾಸ್‌ವರ್ಡ್ ತಿಳಿಯದೆ ಎಲ್ಲರೂ ಕೈಚೆಲ್ಲಿ ಕೂತಾಗ ಆಕೆಯೇ ಮುಂದೆ ಬಂದು, "ನನ್ನ ಬೆಟ್ಟು ಇಟ್ರೆ ತೆಗೀತೈತ್ರವ್ವಾ," ಎಂದಿದ್ದರು. ಅವ್ವ ಸ್ಟುಡಿಯೋಗೆ ಬಂದಾಗ ಮೊಮ್ಮಗಳ ವಿಡಿಯೋ ನೋಡಲು ಯಾರ ಹಂಗೂ ಇರಬಾರದೆಂದು ಮಗ ಆಕೆಯ ಹೆಬ್ಬೆರಳನ್ನೂ ಅದಕ್ಕೆ ಪರಿಚಯ ಮಾಡಿಸಿಟ್ಟಿದ್ದ. ಆದರೆ ಈ ಸುಗ್ಗಿಯಲ್ಲಿ ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆಗಳು ಸವೆದಿದ್ದವು. ಯಂತ್ರ ಆಕೆಯನ್ನು ಗುರುತಿಸಲೇ ಇಲ್ಲ. ಬಂಗಾರಪ್ಪ ಬಿಸಿನೀರು ತಂದರು. ಸಂಧ್ಯಾರಾಣಿ ಆ ಬೆರಳನ್ನು ಒರೆಸಿ, ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡಿದಳು. ಕೊನೆಗೆ ಹೇಗೋ ಪರದೆ ಬೆಳಗಿತ್ತು.

"ನನ್ ಗುರ್ತು ಸಿಗ್ತು ನೋಡ್ರಿ ಅದಕ್ಕೆ," ಎಂದು ಮುದುಕಿ ಕಣ್ಣೊರೆಸಿಕೊಂಡಿದ್ದರು.

ಆಗಿನಿಂದ ಆಕೆ ಹೊರಗೆ ಜಗುಲಿಯಲ್ಲಿದ್ದರು. ಕಾವಲಿನ ವೆಂಕಟೇಶ್ ತನ್ನ ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತಿದ್ದ. ಆದರೂ ಆಕೆಗೆ ಕೂರಲಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋಗುವುದು, ಗೇಟಿನತ್ತ ನೋಡುವುದು, ತಿರುಗಿ ಬರುವುದು. ಕಿಟಕಿಯೊಳಗೆ ಸಂಧ್ಯಾರಾಣಿ, ಕಿಟಕಿಯಾಚೆ ಕರಿಬಸಮ್ಮ. ಇಬ್ಬರ ನಡಿಗೆಯೂ ಒಂದೇ ತರಹ ಇತ್ತು.

"ಬನ್ನಿ ತಗೊಳ್ರಮ್ಮ. ತಗೊಂಡು ಬಂಗಾರದಂಗೆ ಇರೋಣ."

ಬಾಗಿಲಲ್ಲಿ ತಿಪ್ಪೇರುದ್ರಸ್ವಾಮಿ ನಿಂತಿದ್ದರು. ಜಗಳೂರು ಕಡೆಯ ಬಿಳಿಚೋಡಿನ ದೊಡ್ಡ ಮನೆತನದವರು. ಈ ಸಲದ ಶ್ರಾವಣದಲ್ಲಿ ಅವರ ಮನೆಯ ಮದುವೆಯ ವಿಡಿಯೋ ಹಿಡಿದಿದ್ದವನು ಮಾರುತೇಶ. ಹುಡುಗ ಕಾಣೆಯಾದನೆಂದು ಕೇಳಿ ಮಧ್ಯಾಹ್ನವೇ ಕಾರು ಮಾಡಿಕೊಂಡು ಬಂದಿದ್ದರು. ಬಂದವರು ಸುಮ್ಮನೆ ಕೂರಲಿಲ್ಲ. ಕರಿಬಸಮ್ಮನಿಗೆ ಎಳನೀರು ಕೊಡಿಸಿದ್ದರು. ವೆಂಕಟೇಶನಿಗೂ ಒಂದು. ಈಗ ಬಾಗಿಲಿಗೆ ಬಂದ ಬಂಗಾರಪ್ಪನವರ ಕೈಗೂ ಬನ್ನಿ ಎಲೆ ಇಟ್ಟು, ಕಾಲು ಮುಟ್ಟಲು ಬಗ್ಗಿದವರನ್ನು ಹಿಡಿದೆತ್ತಿದರು.

"ನಮ್ಮ ಕಡೇರಲ್ಲೇನಯ್ಯಾ ನೀನು, ಕಾಲಿಗೆ ಯಾಕೆ ಬೀಳ್ತೀ?"

"ನಮ್ಮೂರ ಹಿರೇರು ಮೇಡಂ ಇವ್ರು," ಎಂದರು ಬಂಗಾರಪ್ಪ ಹೆಮ್ಮೆಯಿಂದ.

"ಚಾರ್ಜರ್ ಸಿಗಲಿಲ್ಲಂತಲ್ಲಮ್ಮ," ತಿಪ್ಪೇರುದ್ರಸ್ವಾಮಿ ಬಾಗಿಲಿಂದಲೇ ಕೇಳಿದರು. "ಸಣ್ಣ ದುಂಡನೆ ಮೂತಿದು ತಾನೇ? ಹೊನ್ನಾಳಿಯಾಗೆ ನಮ್ಮ ಅಳಿಯನ ಹತ್ರ ಐತೆ. ಹೋಗಿ ತಂದುಬಿಡ್ತೀನಿ, ಎಷ್ಟು ಹೊತ್ತು!"

ಸಂಧ್ಯಾರಾಣಿಗೆ ಎದೆಯ ಭಾರ ಅರ್ಧ ಇಳಿದಂತಾಯಿತು. "ದೊಡ್ಡ ಉಪಕಾರ ಆಯ್ತು ಸ್ವಾಮಿಯವರೆ."

"ಉಪಕಾರ ಎಂಥದು. ಆ ತಾಯಿ ಮುಖ ನೋಡಾಕಾಗ್ತಿಲ್ಲ."

ಅವರು ಹೊರಗೆ ಹೋದರು. ಸಂಧ್ಯಾರಾಣಿ ಬಾಗಿಲು ಮುಂದೆ ಮಾಡಿ, ಗೋಡೆಯ ಬೆಂಚಿನ ಮೇಲೆ ಕೂತಿದ್ದವನತ್ತ ತಿರುಗಿದಳು.

ವಿನಯ್ ಕುಮಾರ್ ಮಾರುತೇಶನ ಪಾಲುದಾರ. ಹೈಸ್ಕೂಲಿನಿಂದ ಜೊತೆಗಾರ. ಬಂದಾಗಿನಿಂದ ಅವನ ಬಲಮೊಣಕಾಲು ಹೊಲಿಗೆ ಯಂತ್ರದ ಸೂಜಿಯಂತೆ ಅಲುಗುತ್ತಲೇ ಇತ್ತು.

"ಮತ್ತೊಂದು ಸಲ ಹೇಳು ವಿನಯ್. ಪೂಜೆ ಆದ್ಮೇಲೆ ಇದನ್ನ ಯಾರು ಮುಟ್ಟಿದ್ರು?"

"ಯಾರೂ ಇಲ್ಲ ಮೇಡಂ. ಆಯುಧಕ್ಕೆ ಪೂಜೆ ಮಾಡಿದ್ಮೇಲೆ ಮಾರನೇ ದಿನದ ತನಕ ಮುಟ್ಟಂಗಿಲ್ಲ. ಕ್ಯಾಮೆರಾ, ಪ್ರಿಂಟರ್, ಲೈಟು, ಇದು, ಎಲ್ಲಾ ಸಾಲಾಗಿಟ್ಟು ವಿಭೂತಿ ಹಚ್ಚಿ, ಹೂ ಇಟ್ಟು ಶಟರ್ ಎಳೆದ್ವಿ. ಮಾರುತೇಶ ಸ್ಕೂಟರ್ ಹತ್ತಿದ. ನಾನು ಮನೆಗೆ ಹೋದೆ."

"ಇದನ್ನ ಆಫ್ ಮಾಡಿ ಪೂಜೆಗಿಟ್ರಾ?"

ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವನು ಸಣ್ಣಗೆ ನಕ್ಕ. "ಇದು ಆಫ್ ಆಗೋ ಸಾಮಾನೇ ಅಲ್ಲ ಮೇಡಂ. ಮುಚ್ಚಿದ್ರೂ ಒಳಗೆ ಓಡ್ತಾನೇ ಇರ್ತೈತೆ. ಮದುವೆ ವಿಡಿಯೋ ತಯಾರಾಗಾಕೆ ಗಂಟೆಗಟ್ಲೆ ಬೇಕು ನೋಡ್ರಿ. ಅದಕ್ಕೇ ಮುಚ್ಚಳ ಮುಚ್ಚಿದ್ರೂ ಮಲಗಬಾರದು ಅಂತ ಸೆಟ್ಟಿಂಗ್ ಹಾಕ್ಕೊಂಡಿದ್ದ. ದೇವರ ಮುಂದೆ ಕೂತಾಗ್ಲೂ ಗೊರ್ ಅಂತಿತ್ತು. ಬ್ಯಾಟರಿ ಹಾಳಾಗ್ತೈತೆ ಕಣೋ ಅಂತ ನಾನು ಬೈದು ಬೈದು ಸಾಕಾಗಿದ್ದೆ."

"ಹಾಗಾದ್ರೆ ಈ ಫೋಟೋ ನೋಡು."

ಸಂಧ್ಯಾರಾಣಿ ತನ್ನ ಫೋನು ಅವನ ಮುಂದೆ ಹಿಡಿದಳು. ಬೆಳಿಗ್ಗೆ ಸ್ಟುಡಿಯೋದಲ್ಲಿ ಏನನ್ನೂ ಮುಟ್ಟುವ ಮೊದಲು ತೆಗೆದ ಚಿತ್ರ. ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಅದರ ಮೇಲೆ ಹಿಂದಿನಿಂದ ಮುಂದಕ್ಕೆ ಇಳಿಬಿಟ್ಟ ಚೆಂಡುಹೂವಿನ ಸರ. ಪಕ್ಕದ ಕ್ಯಾಮೆರಾದ ಮೇಲಿದ್ದ ಹೂಗಳು ಇನ್ನೂ ಮೆತ್ತಗಿದ್ದವು. ಈ ಸರದ ಒಂದು ತುದಿಯ ಹೂಗಳು ಮಾತ್ರ ಹಪ್ಪಳದ ಹಾಗೆ ಒಣಗಿದ್ದವು.

"ಇದರ ಬಿಸಿ ಎಲ್ಲಿಂದ ಹೊರಗೆ ಬರ್ತದೆ?"

"ಹಿಂದೆ. ಕೀಲು ಇರೋ ಕಡೆಯಿಂದ."

"ಒಣಗಿದ ಹೂ ಎಲ್ಲಿವೆ?"

ಅವನು ನೋಡಿದ. ಮೊಣಕಾಲು ನಿಂತಿತು.

ಒಣಗಿದ ಹೂಗಳು ಮುಂದಿನ ಅಂಚಿನಲ್ಲಿದ್ದವು. ಬಿಸಿ ತಾಗದ ಕಡೆ.

"ಯಾರೋ ಸರ ಎತ್ತಿದ್ದಾರೆ," ಎಂದಳು ಸಂಧ್ಯಾರಾಣಿ. "ಮುಚ್ಚಳ ತೆಗೆದಿದ್ದಾರೆ. ಮತ್ತೆ ಮುಚ್ಚಿ, ಅವಸರದಲ್ಲಿ ಸರ ತಿರುಗಮುರುಗ ಇಟ್ಟಿದ್ದಾರೆ."

"ಇಲಿ ಗಿಲಿ ಓಡಾಡಿ..."

"ಇಲಿಗೆ ಹೂವಿನ ಸರ ಇಷ್ಟು ನೀಟಾಗಿ ಇಡಾಕೆ ಬರ್ತೈತೇನಪ್ಪ?" ಎಂದರು ಬಂಗಾರಪ್ಪ. "ನನ್ನ ಹೆಂಡ್ತಿಗೇ ಬರಲ್ಲ." ಆಮೇಲೆ ಪರದೆಯತ್ತ ಬಗ್ಗಿ, "ಹದಿನಾಲ್ಕು ಮೇಡಂ," ಎಂದರು.

ಸಂಧ್ಯಾರಾಣಿ ಮೇಜಿನ ಬಳಿಗೆ ಹೋದಳು. "ನೀನು ಹೇಳಿದ್ದು ಒಳ್ಳೇದಾಯ್ತು ವಿನಯ್. ಮುಚ್ಚಿದ್ರೂ ಓಡ್ತಿರ್ತದೆ ಅಂದ್ಮೇಲೆ ಪರದೆಗೆ ಯಾಕೆ ಬ್ಯಾಟರಿ ದಂಡ? ಚಾರ್ಜರ್ ಬರೋವರೆಗೆ ಮುಚ್ಚಿಡ್ತೀನಿ."

ಅವಳು ಮುಚ್ಚಳದ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಗೆ ತಂದಳು.

"ಮುಚ್ಚಬ್ಯಾಡ್ರಿ ಮೇಡಂ!" ವಿನಯ್ ಎದ್ದು ನಿಂತಿದ್ದ. "ಮಲಗಿಬಿಡ್ತೈತೆ!"

ಅವಳ ಕೈ ಅಲ್ಲೇ ನಿಂತಿತು.

"ಮಲಗಲ್ಲ ಅಂತ ನೀನೇ ಹೇಳಿದೆಯಲ್ಲಪ್ಪ, ಈಗ ತಾನೇ."

ಅವನು ಮತ್ತೆ ಬೆಂಚಿನ ಮೇಲೆ ಕೂತ.

"ಸೆಟ್ಟಿಂಗ್ ನಾನು ನೋಡಿದೀನಿ ವಿನಯ್. ಮುಚ್ಚಿದ್ರೆ ಸ್ಲೀಪ್ ಅಂತಿದೆ. ಪೂಜೆಯ ಹೊತ್ತಿಗೂ ಇದು ಓಡ್ತಿತ್ತು ಅಂತೀಯ. ಅಂದ್ರೆ ಅದನ್ನ ಬದಲಾಯಿಸಿದ್ದು ಪೂಜೆ ಆದ್ಮೇಲೆ. ಬದಲಾಗಿದೆ ಅಂತ ಗೊತ್ತಿರಬೇಕಾದವರು ಬದಲಾಯಿಸಿದವರು ಒಬ್ರೇ. ಮಾರುತೇಶ ಎಲ್ಲಿ?"

"ನಂಗೊತ್ತಿಲ್ಲ."

"ಅವನಿಗೆ ಏನು ಮಾಡಿದೆ?"

"ನಾನ್ಯಾಕೆ ಅವನಿಗೆ ಏನಾದ್ರೂ ಮಾಡ್ಲಿ ಮೇಡಂ! ಅವ್ನು... ಅವ್ನು ನನ್ನ..."

ಬಾಗಿಲು ಸ್ವಲ್ಪವೇ ತೆರೆಯಿತು. ಕರಿಬಸಮ್ಮ ತಲೆ ಒಳಗಿಟ್ಟರು. ಕೈಯಲ್ಲಿ ರೊಟ್ಟಿಯ ಗಂಟು. ಅದರೊಳಗಿನಿಂದ ಎರಡು ರೊಟ್ಟಿ, ನಡುವೆ ಚಟ್ನಿಪುಡಿ ಸುತ್ತಿದ್ದನ್ನು ಬಂಗಾರಪ್ಪನವರ ಕೈಗೆ ಕೊಟ್ಟರು.

"ಆ ಹುಡುಗಂಗೆ ಕೊಡಪ್ಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವ್ನು. ನನ್ ಮಗ ಬಂದು, ವಿನ್ಯಾಗೆ ಯಾಕೆ ಉಣ್ಣಾಕೆ ಕೊಡ್ಲಿಲ್ಲ ಅಂತ ನನ್ನ ಬೈತಾನೆ."

ಬಾಗಿಲು ಮುಚ್ಚಿಕೊಂಡಿತು. ಬಂಗಾರಪ್ಪ ರೊಟ್ಟಿಯನ್ನು ವಿನಯನ ತೊಡೆಯ ಮೇಲಿಟ್ಟರು. ಅವನು ಅದನ್ನೇ ನೋಡುತ್ತಾ ಕೂತ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಸಂಧ್ಯಾರಾಣಿ ಕಾದಳು. ಕಾಯುವುದೇ ಕಷ್ಟವಾಗಿತ್ತು. ಮೂಲೆಯ ಅಂಕಿ ಹನ್ನೆರಡಾಯಿತು. ಹೊರಗೆ ಕಾರೊಂದು ಸ್ಟಾರ್ಟ್ ಆಗಿ, ಗೇಟು ದಾಟಿ ಹೋಯಿತು. ಸದ್ಯ, ಸ್ವಾಮಿಯವರು ಹೊರಟರು ಎಂದುಕೊಂಡಳು.

"ಫೋನ್ ಬಂತು ಮೇಡಂ," ಎಂದ ವಿನಯ್, ಮುಖದಿಂದ ಕೈ ತೆಗೆಯದೆ. "ಮನೇಲಿ ಉಂಡು ಮಲಗೋ ಹೊತ್ತು. ಯಾವ್ದೋ ಗೊತ್ತಿಲ್ಲದ ನಂಬರು. ಮಾತಾಡಿದ್ದು ಮಾರುತೇಶನೇ. 'ವಿನಯ್ ಕುಮಾರ್ ಅವರೇ, ಒಂದು ಉಪಕಾರ ಮಾಡ್ರಿ,' ಅಂದ."

"ಅವರೇ ಅಂದನಾ?"

"ಅದೇ ಮೇಡಂ. ಹೈಸ್ಕೂಲಿನಿಂದ ಲೇ ವಿನ್ಯಾ ಅಂದೇ ಕರೆದೋನು. ನನ್ನ ಮದುವೇಲಿ ಸ್ಟೇಜ್ ಮೇಲೂ ಹಂಗೇ ಕೂಗಿದ. ಪೂಜೆ ಹೊತ್ತಲ್ಲಿ ಸಣ್ಣದಾಗಿ ಜಗಳ ಆಗಿತ್ತು, ಸಿಟ್ಟಲ್ಲಿ ಅಣಕಿಸ್ತಿದಾನೆ ಅಂದ್ಕೊಂಡೆ. ರಾತ್ರಿ ಕಳೆದ್ಮೇಲೆ ಗೊತ್ತಾಯ್ತು. ಪಕ್ಕದಲ್ಲಿ ಯಾರೋ ಇದ್ರು. ಅವನಿಗೆ ನಮ್ಮ ಮಾತು ಆಡಾಕೆ ಆಗ್ತಿರಲಿಲ್ಲ."

"ಏನು ಮಾಡು ಅಂದ?"

"ಶಟರ್ ತೆಗೆದು ಒಳಗೆ ಹೋಗು, ಹೂ ಎತ್ತಿ ಮುಚ್ಚಳ ತೆಗಿ ಅಂದ. ಪಾಸ್‌ವರ್ಡ್ ಹೇಳಿದ. ಮುಚ್ಚಿದ್ರೆ ಸ್ಲೀಪ್‌ಗೆ ಹೋಗೋ ಹಂಗೆ ಸೆಟ್ಟಿಂಗ್ ಬದಲಾಯಿಸು, ಅಷ್ಟೇ ಮಾಡು, ಬೇರೇನೂ ಮುಟ್ಟಬ್ಯಾಡ, ಅಂತ ಎರಡೆರಡು ಸಲ ಹೇಳಿದ. ಆಮೇಲೆ ಮುಚ್ಚು, ಚಾರ್ಜರ್ ಕಿತ್ತು ಶಟರಿನ ಹಿಡಿಗೆ ನೇತುಹಾಕಿ ಹೋಗು ಅಂದ. ಯಾರಿಗೂ ಹೇಳಬ್ಯಾಡ, ಅವ್ವಗೂ ಸೈತ. ಹೇಳಿದ್ರೆ ನಾನು ಬರಾಕಾಗಲ್ಲ ಅಂದ. ನಾನು ಹೆಂಗೆ ಹೇಳ್ಲಿ ಮೇಡಂ?"

"ಪಕ್ಕದಲ್ಲಿದ್ದವರ ಮಾತು ಕೇಳಿಸ್ತಾ?"

"ಒಂದೇ ಮಾತು. ಫೋನ್ ಇಡದೇನೇ ಎಲ್ಲಾ ಮಾಡಿ ಮುಗಿಸಿದ್ದೆ, ಆಗ ಆಫ್ ಆಯ್ತಾ ಅಂತ ಯಾರೋ ಕೇಳಿದ್ರು. ಇವನು, 'ಹೂಂ, ಮಲಗಿಸಿದ್ವಿ' ಅಂದ. ಫೋನ್ ಕಟ್ ಆಯ್ತು."

ಸಂಧ್ಯಾರಾಣಿ ಮತ್ತೆ ನಡೆಯತೊಡಗಿದಳು. ಕಿಟಕಿ, ಮೇಜು, ಕಿಟಕಿ.

"ಬಂಗಾರಪ್ಪ, ಇದನ್ನ ಆಫ್ ಮಾಡಿದ್ರೆ ಒಳಗೆ ತೆರೆದಿಟ್ಟದ್ದೆಲ್ಲ ಏನಾಗ್ತದೆ?"

"ಮುಚ್ಕೊಂಡು ಹೋಗ್ತೈತೆ."

"ಮಲಗಿಸಿದ್ರೆ?"

ಬಂಗಾರಪ್ಪ ತಲೆ ಕೆರೆದುಕೊಂಡರು. "ಎಲ್ಲಿ ಬಿಟ್ಟಿದ್ವೋ ಅಲ್ಲೇ ಇರ್ತೈತೆ."

"ಅಷ್ಟೇ. ಪಕ್ಕದಲ್ಲಿದ್ದವರಿಗೆ ಇದು ಸಾಯಬೇಕಿತ್ತು. ಅದಕ್ಕೇ ಚಾರ್ಜರ್ ತರಿಸ್ಕೊಂಡ್ರು. ಅವರಿಗೆ ಆಫ್‌ಗೂ ಸ್ಲೀಪ್‌ಗೂ ವ್ಯತ್ಯಾಸ ಗೊತ್ತಿಲ್ಲ. ಮಾರುತೇಶನಿಗೆ ಗೊತ್ತು. ಹಗಲೂ ಇರುಳೂ ಇದನ್ನ ಓಡಿಸ್ತಿದ್ದವನು, ನಿನ್ನೆ ಮಾತ್ರ ಮಲಗಿಸು ಅಂದ. ಸವೆದ ಬ್ಯಾಟರಿಯಲ್ಲೂ ನಾವು ಬರೋವರೆಗೆ ಜೀವ ಉಳೀಲಿ ಅಂತ. ಏನೋ ತೆರೆದಿಟ್ಟು ಹೋಗಿದಾನೆ ಇದರಲ್ಲಿ, ನಮಗೋಸ್ಕರ." ಅವಳು ವಿನಯನ ಮುಂದೆ ನಿಂತಳು. "ನೀನು ಮುಚ್ಚಳ ತೆಗೆದಾಗ ಪರದೆ ಮೇಲೆ ಏನಿತ್ತು?"

"ವಿಡಿಯೋ. ಒಂದು ಕಡೆ ನಿಲ್ಲಿಸಿಟ್ಟಿದ್ದ. ಊಟದ ಸೀನು. ಸೆಟ್ಟಿಂಗ್ ಹುಡುಕಾಕೆ ಅಂತ ಅದನ್ನ ಕೆಳಗೆ ಇಳಿಸಿದೆ. ಸರಿಯಾಗಿ ನೋಡ್ಲಿಲ್ಲ."

"ಯಾರ ಮದುವೆ?"

"ಬಿಳಿಚೋಡಿಂದು. ತಿಪ್ಪೇರುದ್ರಸ್ವಾಮಿಯವರ ಮನೇದು."

ಬಂಗಾರಪ್ಪನವರ ಕೈಯಲ್ಲಿದ್ದ ಬನ್ನಿ ಎಲೆ ಕೆಳಗೆ ಬಿತ್ತು.

ಪರದೆಯ ಕೆಳಪಟ್ಟಿಯಲ್ಲಿ ಒಂದು ಸಣ್ಣ ಚೌಕ ಕಾಣುತ್ತಿತ್ತು. ಸಂಧ್ಯಾರಾಣಿ ಮೊದಲೇ ಒಮ್ಮೆ ಅದನ್ನು ಒತ್ತಿದ್ದಳು. ಯಂತ್ರ ಗೊರಗುಟ್ಟಿ, ಬ್ಯಾಟರಿ ಸರಸರನೆ ಇಳಿದು, ಏನೂ ಮೂಡದೆ ನಿಂತಿತ್ತು. ಚಾರ್ಜರ್ ಬರಲಿ ಎಂದು ಆಗ ಬಿಟ್ಟಿದ್ದಳು.

"ಚಾರ್ಜರ್ ಬರೋವರೆಗೆ ತಡೀಬಹುದಲ್ರೀ," ಎಂದರು ಬಂಗಾರಪ್ಪ. ಆ ಮಾತಿನಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

"ಇಲ್ಲ. ಇದ್ದದ್ದನ್ನೆಲ್ಲ ಇದಕ್ಕೇ ಖರ್ಚು ಮಾಡೋಣ."

ಒತ್ತಿದಳು. ಒಳಗಿನ ಫ್ಯಾನು ಎದ್ದಿತು. ಹತ್ತು. ಪರದೆ ಬಿಳಿಚಿಕೊಂಡಿತು. ವಿನಯ್ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ರೊಟ್ಟಿ ಅವನ ಕೈಯಲ್ಲೇ ಇತ್ತು. ಏಳು. ಯಾರೂ ಅಂಕಿ ಹೇಳಲಿಲ್ಲ. ಸಂಧ್ಯಾರಾಣಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಬಾರಪ್ಪಾ, ಬಾ ಎಂದು ಒಳಗೇ ಗೋಗರೆಯುತ್ತಿದ್ದಳು.

ನಾಲ್ಕಕ್ಕೆ ಚಿತ್ರ ಮೂಡಿತು.

ಪಂಕ್ತಿಯ ಊಟ. ನಗುವ ಹೆಂಗಸರು, ಬಾಳೆ ಎಲೆಗಳು. ಅವರ ಬೆನ್ನ ಹಿಂದೆ ಅರೆ ತೆರೆದ ಅಡುಗೆಮನೆ ಬಾಗಿಲು. ಮಾರುತೇಶ ಆ ಬಾಗಿಲನ್ನೇ ದೊಡ್ಡದು ಮಾಡಿ ನಿಲ್ಲಿಸಿದ್ದ. ಒಳಗೆ ಒಬ್ಬ ಗಡ್ಡದ ಮನುಷ್ಯ ಒಬ್ಬನೇ ಕೂತು ಉಣ್ಣುತ್ತಿದ್ದ. ಕೈಯಲ್ಲಿ ಮುರಿದ ಹೋಳಿಗೆ. ಅವನ ಎಲೆಗೆ ಬಗ್ಗಿ ತುಪ್ಪ ಬಡಿಸುತ್ತಿದ್ದವರು ತಿಪ್ಪೇರುದ್ರಸ್ವಾಮಿ. ಆ ಕೈಯಲ್ಲಿ ಎಂಥ ಅಕ್ಕರೆ ಇತ್ತೆಂದರೆ, ಚಿಕ್ಕಮಗುವಿಗೆ ಬಡಿಸುವವರೂ ಅಷ್ಟು ಬಗ್ಗುವುದಿಲ್ಲ.

"ಅಯ್ಯೋ ಶಿವನೇ," ಎಂದರು ಬಂಗಾರಪ್ಪ. ಎರಡು ಹೆಜ್ಜೆ ಹಿಂದೆ ಸರಿದರು.

"ಯಾರು ಬಂಗಾರಪ್ಪ?"

"ಗುರುಸ್ವಾಮಿ. ಸ್ವಾಮಿಯವರ ತಮ್ಮ. ನಾಲೆಯಾಗೆ ಹೆಣ ಸಿಕ್ಕಿತ್ತು ಮೇಡಂ, ಮುಖ ಗುರುತು ಹತ್ತಿರಲಿಲ್ಲ. ಅಣ್ಣನೇ ನೋಡಿ, ನನ್ ತಮ್ಮನೇ ಅಂದ್ರು. ಎರಡು ವರ್ಷ ಆಯ್ತು. ಇವರು ಸತ್ತರು ಅಂತ ಮಾಡಿದ ಶಿವಗಣಾರಾಧನೆಗೆ ನಾನೇ ಹೋಗಿ ಉಂಡು ಬಂದೀನ್ರಿ."

ಸಂಧ್ಯಾರಾಣಿ ಫೋನ್ ಎತ್ತಿ ಹಿಡಿಯುವಷ್ಟರಲ್ಲಿ ಪರದೆ ಕಪ್ಪಾಯಿತು. ಅದರಲ್ಲಿ ಅವಳ ಮುಖ ಮಾತ್ರ ಉಳಿಯಿತು.

ಆಗ ಅವಳಿಗೆ ನೆನಪಾಯಿತು. ಸಣ್ಣ ದುಂಡನೆ ಮೂತಿದು ತಾನೇ? ಬಾಗಿಲಲ್ಲಿ ನಿಂತ ಮನುಷ್ಯ ಕೇಳಿದ್ದರು. ಲ್ಯಾಪ್‌ಟಾಪಿನ ಆ ಮಗ್ಗುಲು ಗೋಡೆಯ ಕಡೆಗಿತ್ತು. ಅದರ ಮೂತಿ ಎಂಥದೆಂದು ಠಾಣೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಅವಳು ಜಗುಲಿಗೆ ಓಡಿದಳು.

ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ರೊಟ್ಟಿಯ ಗಂಟು, ಗಂಟಿನ ಮೇಲೆ ಎರಡು ಬನ್ನಿ ಎಲೆ.

"ಅಮ್ಮ ಎಲ್ಲಿ ವೆಂಕಟೇಶ್?"

ವೆಂಕಟೇಶ್ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅವನ ಮುಖದಲ್ಲಿ ಒಳ್ಳೆಯದೊಂದನ್ನು ಕಂಡ ಸಮಾಧಾನವಿತ್ತು.

"ಸ್ವಾಮಿಯವರ ಜೊತೆ ಹೋದ್ರು ಮೇಡಂ. ಪಾಪ, ಎಷ್ಟು ಒಳ್ಳೇ ಮನುಷ್ಯರು. ತಾವೇ ಕೈ ಹಿಡಿದು ಕೂರಿಸಿದ್ರು. ಸೆರಗು ಸಿಕ್ಕೊಂಡೀತು ಅಂತ ಒಳಗೆ ಸೇರಿಸಿ, ತಾವೇ ಡೋರ್ ಹಾಕಿದ್ರು."

"ಹೊನ್ನಾಳಿ ಕಡೆ ಹೋಯ್ತಾ ಕಾರು?"

"ಇಲ್ಲ ಮೇಡಂ. ಸವಳಂಗದ ಕಡೆ ತಿರುಗ್ತು." ಅವಳ ಮುಖ ನೋಡಿ ಅವನ ನಗು ಕುಗ್ಗಿತು. ಆದರೂ ಹೇಳಿ ಮುಗಿಸಿದ. "ಬೆಳಿಗ್ಗೆಯಿಂದ ಅಮ್ಮ ನಕ್ಕಿದ್ದು ಅದೊಂದೇ ಸಲ. ಹತ್ತೋವಾಗ ನನ್ನ ಕಡೆ ತಿರುಗಿ, 'ನನ್ ಮಗ ಎಲ್ಲವ್ನೆ ಅಂತ ಇವರಿಗೆ ಗೊತ್ತಂತಪ್ಪ' ಅಂದ್ರು."